ಅಡಿ, ಮೀಟರ್, ಕ್ಯೂಸೆಕ್, ಟಿಎಂಸಿ: ಏಕಮಾನಗಳನ್ನು ಡೇಟಾ ಟೈಪ್‌ನಲ್ಲಿ ಹಿಡಿದಿಡುವುದು ಹೇಗೆ?

ಜಲಲೆಕ್ಕಿಗ ಅವರ ಪ್ರಶ್ನೆ

ನಮಸ್ಕಾರ.

ರಾಜ್ಯದ ಜಲಾಶಯಗಳ ನಿತ್ಯದ ನೀರಿನ ಮಟ್ಟ, ಒಳಹರಿವು, ಹೊರಹರಿವು ಮತ್ತು ಸಂಗ್ರಹದ ಅಂಕಿಗಳನ್ನು ಒಂದೆಡೆ ಸೇರಿಸಿ, ಒಂದು ಮುಂಗಾರಿನ ಸ್ಥಿತಿಯನ್ನು ಇನ್ನೊಂದು ಮುಂಗಾರಿನದರೊಂದಿಗೆ ಹೋಲಿಸಲು ನೆರವಾಗುವ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಅಂಕಿಗಳನ್ನು ಓದಿಕೊಳ್ಳುವ ಭಾಗ ಪೈಥಾನ್‌ನಲ್ಲಿದೆ. ಲೆಕ್ಕ ಮಾಡುವ ಭಾಗವನ್ನು ರಸ್ಟ್‌ನಲ್ಲಿ ಹೊಸದಾಗಿ ಬರೆಯಬೇಕೆಂದಿದ್ದೇನೆ. ಕೋಡ್ ಬೆಳೆದ ಮೇಲೆ ಬದಲಾಯಿಸುವುದು ಕಷ್ಟವಾದ್ದರಿಂದ ಒಂದು ವಿಷಯವನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳುವ ಉದ್ದೇಶದಿಂದ ಇಲ್ಲಿ ಕೇಳುತ್ತಿದ್ದೇನೆ.

ಸದ್ಯ ಎಲ್ಲ ಅಂಕಿಗಳೂ ಬರಿಯ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆಗಳು ಆಗಿವೆ. ಆದರೆ ಅವು ಒಂದೇ ಜಾತಿಯವಲ್ಲ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2,284 ಅಡಿ, ಆಲಮಟ್ಟಿಯದು 519.60 ಮೀಟರ್, ನಾನು ಬಳಸುವ ಕೋಷ್ಟಕದಲ್ಲಿ ಮೂರೂ ಒಂದೇ ಕಾಲಂನಲ್ಲಿ ಬರುತ್ತವೆ. ಹರಿವು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ ಇರುತ್ತದೆ. ಸಂಗ್ರಹ ಟಿಎಂಸಿಯಲ್ಲಿ, ಅಂದರೆ ನೂರು ಕೋಟಿ ಘನ ಅಡಿಯ ಲೆಕ್ಕದಲ್ಲಿ ಇರುತ್ತದೆ. ಮಟ್ಟವನ್ನು ಕೇಳುವ ಫಂಕ್ಷನ್‌ಗೆ ಹರಿವನ್ನು ಕೊಟ್ಟರೂ ಅದು ತಕರಾರಿಲ್ಲದೆ ತೆಗೆದುಕೊಂಡು ಒಂದು ಉತ್ತರವನ್ನು ಕೊಡುತ್ತದೆ, ಆ ಉತ್ತರ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ.

ನನ್ನ ಸಂದೇಹಗಳು ಇವು. ಅಡಿಗೊಂದು, ಮೀಟರಿಗೊಂದು ಎಂದು ಪ್ರತಿ ಏಕಮಾನಕ್ಕೂ ಪ್ರತ್ಯೇಕ ಟೈಪ್ (ಮೌಲ್ಯ ಯಾವ ಜಾತಿಯದು ಎಂದು ಕೋಡ್‌ನಲ್ಲಿ ಹೇಳುವ ಗುರುತು) ಮಾಡಬೇಕೇ, ಅಥವಾ ಎಲ್ಲವನ್ನೂ ಒಳಬರುವಾಗಲೇ ಎಸ್‌ಐ, ಅಂದರೆ ಮೀಟರ್, ಸೆಕೆಂಡ್‌ನಂಥ ಅಂತರರಾಷ್ಟ್ರೀಯ ಏಕಮಾನಗಳಿಗೆ ಪರಿವರ್ತಿಸಿ ‘ಉದ್ದ’, ‘ಗಾತ್ರ’, ‘ಹರಿವು’ ಎಂಬ ಟೈಪ್‌ಗಳನ್ನಷ್ಟೇ ಇಟ್ಟುಕೊಳ್ಳಬೇಕೇ? ಹರಿವನ್ನು ಕಾಲದಿಂದ ಗುಣಿಸಿದರೆ ಗಾತ್ರ ಬರುತ್ತದೆ ಎಂಬಂಥ ಸಂಬಂಧಗಳನ್ನೆಲ್ಲ ಕೈಯಾರೆ ಬರೆಯಬೇಕಾಗುತ್ತದೆಯೇ? ಕೊನೆಯದಾಗಿ, ಇಷ್ಟೆಲ್ಲ ಶ್ರಮಕ್ಕೆ ತಕ್ಕ ಫಲವಿದೆಯೇ, ಅಥವಾ ವೇರಿಯಬಲ್‌ನ ಹೆಸರಿನಲ್ಲೇ ‘ಅಡಿಯಲ್ಲಿ’, ‘ಕ್ಯೂಸೆಕ್‌ನಲ್ಲಿ’ ಎಂದು ಬರೆದುಕೊಂಡರೆ ಸಾಕೇ?

---

ಕಟ್ಟುನಿಟ್ಟು ಅವರ ಉತ್ತರ

ಹೆಸರಿನಲ್ಲಿ ಬರೆದುಕೊಳ್ಳುವುದು ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಅದನ್ನು ಓದುವವರು ಮನುಷ್ಯರು ಮಾತ್ರ, ಕೋಡನ್ನು ಪರೀಕ್ಷಿಸಿ ಯಂತ್ರಭಾಷೆಗೆ ಬದಲಾಯಿಸುವ ಕಂಪೈಲರ್ ಅಲ್ಲ. ‘ಒಳಹರಿವು_ಕ್ಯೂಸೆಕ್’ ಎಂಬ ವೇರಿಯಬಲ್‌ಗೆ ಕ್ಯೂಮೆಕ್‌ನ (ಸೆಕೆಂಡಿಗೆ ಇಷ್ಟು ಘನ ಮೀಟರ್) ಅಂಕಿ ಬಂದು ಕುಳಿತರೆ 35 ಪಟ್ಟಿಗೂ ಹೆಚ್ಚಿನ ತಪ್ಪು ನಡೆಯುತ್ತದೆ, ಹೆಸರು ಅದನ್ನು ತಡೆಯುವುದಿಲ್ಲ.

ಮೊದಲು ಆಯಾಮವನ್ನೂ ಏಕಮಾನವನ್ನೂ ಬೇರ್ಪಡಿಸಿ ನೋಡೋಣ. ಉದ್ದ ಒಂದು ಆಯಾಮ. ಅಡಿ, ಮೀಟರ್ ಅದರ ಏಕಮಾನಗಳು. ಹರಿವಿನ ಆಯಾಮ ಉದ್ದದ ಘನವನ್ನು ಕಾಲದಿಂದ ಭಾಗಿಸಿದ್ದು. ಕ್ಯೂಸೆಕ್, ಕ್ಯೂಮೆಕ್ ಅದರ ಏಕಮಾನಗಳು. ಆಯಾಮ ತಪ್ಪಿದರೆ ಆ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ, ಆದ್ದರಿಂದ ಕಂಪೈಲರ್ ಅದನ್ನು ನಿರಾಕರಿಸಬೇಕು. ಏಕಮಾನ ಮಾತ್ರ ಬೇರೆಯಾದರೆ ಲೆಕ್ಕಕ್ಕೆ ಅರ್ಥವಿರುತ್ತದೆ, ಒಂದು ಗುಣಕ ಬೇಕಾಗುತ್ತದೆ ಅಷ್ಟೆ. ಈ ಎರಡು ಬಗೆಯ ತಪ್ಪುಗಳನ್ನು ಭಾಷೆಗಳು ಬೇರೆಬೇರೆ ರೀತಿಯಲ್ಲಿ ಹಿಡಿಯುತ್ತವೆ.

ಇದನ್ನು ಭಾಷೆಯ ಒಳಗೇ ಸೊಗಸಾಗಿ ಅಳವಡಿಸಿಕೊಂಡಿರುವುದು ಎಫ್ ಶಾರ್ಪ್. ಆಂಡ್ರ್ಯೂ ಕೆನೆಡಿ ಅವರು 1996ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪ್ರೋಗ್ರಾಮಿಂಗ್ ಭಾಷೆಗಳು ಮತ್ತು ಆಯಾಮಗಳ ಕುರಿತು ಡಾಕ್ಟರೇಟ್ ಪ್ರಬಂಧ ಬರೆದರು. ಆ ಚಿಂತನೆಯೇ ಮುಂದೆ ಎಫ್ ಶಾರ್ಪ್‌ನ ಏಕಮಾನ ವ್ಯವಸ್ಥೆಯಾಯಿತು. ಅಲ್ಲಿ ಅಡಿ, ಸೆಕೆಂಡ್ ಎಂದು ಏಕಮಾನಗಳನ್ನು ಒಂದೊಂದು ಸಾಲಿನಲ್ಲಿ ಘೋಷಿಸಿದರೆ ಸಾಕು. ಘನ ಅಡಿ ಪ್ರತಿ ಸೆಕೆಂಡ್ ಎಂಬುದನ್ನು ಸೆಕೆಂಡಿನಿಂದ ಗುಣಿಸಿದಾಗ ಘನ ಅಡಿ ಉಳಿಯುತ್ತದೆ ಎಂಬುದನ್ನು ಕಂಪೈಲರ್ ತಾನೇ ಊಹಿಸಿಕೊಳ್ಳುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಅಂಶವೆಂದರೆ ಪರಿವರ್ತನೆಯ ಗುಣಕಕ್ಕೂ ಅಲ್ಲಿ ಏಕಮಾನವಿದೆ. 0.3048 ಎಂಬುದು ಬರಿಯ ಸಂಖ್ಯೆಯಲ್ಲ, ‘ಮೀಟರ್ ಪ್ರತಿ ಅಡಿ’. ಭಾಗಿಸಬೇಕಾದ ಕಡೆ ಗುಣಿಸಿದರೆ ಏಕಮಾನ ಹೊಂದದೆ ತಪ್ಪು ಅಲ್ಲೇ ಬಯಲಾಗುತ್ತದೆ.

ಗುಣಕಕ್ಕೆ ಏಕಮಾನ ಏಕೆ ಬೇಕು ಎಂಬುದಕ್ಕೆ 1983ರ ಜುಲೈ 23ರಂದು ಏರ್ ಕೆನಡಾದ 143ನೇ ವಿಮಾನಕ್ಕೆ ಆದದ್ದನ್ನು ನೋಡಬೇಕು. ಟ್ಯಾಂಕಿನಲ್ಲಿ 7,682 ಲೀಟರ್ ಇಂಧನವಿತ್ತು. ಅದನ್ನು ತೂಕಕ್ಕೆ ಪರಿವರ್ತಿಸಲು 1.77 ಎಂಬ ಸಂಖ್ಯೆಯಿಂದ ಗುಣಿಸಿ 13,597 ಎಂದು ಪಡೆದು, ಅದನ್ನು ಕಿಲೋಗ್ರಾಂ ಎಂದುಕೊಂಡರು. 1.77 ಎಂಬುದು ಲೀಟರಿಗೆ ಇಷ್ಟು ಪೌಂಡ್ ಎಂಬ ಅಂಕಿ. ಕಿಲೋಗ್ರಾಂ ಬೇಕಿದ್ದರೆ ಸುಮಾರು 0.8ರಿಂದ ಗುಣಿಸಬೇಕಿತ್ತು. ಬೇಕಾದ ಇಂಧನದ ಅರ್ಧದಷ್ಟನ್ನೂ ಹೊಂದಿರದ ಆ ಬೋಯಿಂಗ್ 767 ಆಕಾಶದಲ್ಲೇ ಎರಡೂ ಎಂಜಿನ್‌ಗಳನ್ನು ಕಳೆದುಕೊಂಡು, ಮ್ಯಾನಿಟೋಬಾದ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ತೇಲಿಕೊಂಡು ಬಂದು ಇಳಿಯಿತು. ಎಲ್ಲರೂ ಬದುಕುಳಿದರು. ಅಲ್ಲಿ ಗುಣಾಕಾರದಲ್ಲಿ ತಪ್ಪಿರಲಿಲ್ಲ, ಗುಣಕದ ಏಕಮಾನ ಕಾಗದದ ಮೇಲೆ ಇರಲಿಲ್ಲ.

ಈಗ ನಿಮ್ಮ ರಸ್ಟ್‌ಗೆ ಬರುತ್ತೇನೆ. ಅಲ್ಲಿ ‘ಯುಒಎಂ’ ಎಂಬ ಕ್ರೇಟ್, ಅಂದರೆ ಲೈಬ್ರರಿ ಇದೆ. ಅದು ಎಲ್ಲ ಮೌಲ್ಯಗಳನ್ನೂ ಒಳಗೆ ಮೂಲ ಏಕಮಾನಕ್ಕೆ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ನೀವು 124.80 ಅಡಿ ಕೊಟ್ಟರೆ ಅದು ಇಟ್ಟುಕೊಳ್ಳುವುದು 38.03904 ಮೀಟರ್. ಒಳ್ಳೆಯ ಕ್ರೇಟ್, ಆದರೂ ನಿಮ್ಮ ಕೆಲಸಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ನಿಮ್ಮಲ್ಲಿರುವ ಆಯಾಮಗಳು ಉದ್ದ, ಕಾಲ, ಗಾತ್ರ, ಹರಿವು ಇವಿಷ್ಟೆ. ಒಂದೇ ಫೀಲ್ಡ್ ಇರುವ ಸ್ಟ್ರಕ್ಟ್‌ಗಳನ್ನು, ಅಂದರೆ ನ್ಯೂಟೈಪ್‌ಗಳನ್ನು ಮಾಡಿಕೊಳ್ಳಿ. ಹರಿವು ಗುಣಿಸು ಕಾಲ ಎಂದರೆ ಗಾತ್ರ, ಗಾತ್ರ ಭಾಗಿಸು ಕಾಲ ಎಂದರೆ ಹರಿವು, ಗಾತ್ರ ಭಾಗಿಸು ಹರಿವು ಎಂದರೆ ಕಾಲ. ಈ ಮೂರು ಸಂಬಂಧಗಳನ್ನು ಕೈಯಾರೆ ಬರೆದರೆ ಮುಗಿಯಿತು. ನ್ಯೂಟೈಪ್‌ನಿಂದ ಪ್ರೋಗ್ರಾಂನ ವೇಗಕ್ಕಾಗಲಿ ಮೆಮೊರಿಗಾಗಲಿ ಯಾವ ಹೊರೆಯೂ ಇಲ್ಲ. ದೋಷದ ಸಂದೇಶಗಳೂ ಓದುವಂತಿರುತ್ತವೆ, ಇದು ಸಣ್ಣ ಲಾಭವಲ್ಲ.

ಗಾತ್ರವನ್ನು ಘನ ಮೀಟರ್‌ಗೆ ಬದಲಾಯಿಸುವ ಅಗತ್ಯವೂ ಇಲ್ಲ. ನಿಮ್ಮ ಅಂಕಿಗಳೆಲ್ಲ ಹುಟ್ಟಿದ್ದೇ ಘನ ಅಡಿಯಲ್ಲಿ, ಹಾಗೆಯೇ ಇಡಿ. ಪೂರ್ಣಾಂಕದಲ್ಲಿ ಇಡುವುದಾದರೆ ಮಾತ್ರ ಒಂದು ಎಚ್ಚರಿಕೆ ಬೇಕು. ಚಿಹ್ನೆಸಹಿತ 32 ಬಿಟ್ ಪೂರ್ಣಾಂಕದ ಗರಿಷ್ಠ ಮಿತಿ 214 ಕೋಟಿ ಚಿಲ್ಲರೆ, ಅಂದರೆ ಘನ ಅಡಿಯಲ್ಲಿ ಎಣಿಸಿದರೆ 2.147 ಟಿಎಂಸಿ. ಕೆಆರ್‌ಎಸ್ ಭರ್ತಿಯಾದಾಗ ಇರುವುದು 49.452 ಟಿಎಂಸಿ, ಅಂದರೆ 4,945.2 ಕೋಟಿ ಘನ ಅಡಿ. ಆದ್ದರಿಂದ 64 ಬಿಟ್ ಅನಿವಾರ್ಯ. ಟೈಪ್ ಸರಿಯಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭದ ಲೆಕ್ಕವನ್ನು ಟೆಸ್ಟ್ ಆಗಿ ಬರೆದಿಡಿ: 11,574 ಕ್ಯೂಸೆಕ್ ಹರಿವು ಒಂದು ದಿನ, ಅಂದರೆ 86,400 ಸೆಕೆಂಡು ಹರಿದರೆ ಒಂದು ಟಿಎಂಸಿಗೆ ಕೂದಲೆಳೆಯಷ್ಟು ಕಡಿಮೆ ಬರಬೇಕು.

---

ಮಟ್ಟಗೋಲು ಅವರ ಉತ್ತರ

ಕಟ್ಟುನಿಟ್ಟು ಅವರು ಹರಿವು ಮತ್ತು ಗಾತ್ರದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಈ ಪ್ರಶ್ನೆಯಲ್ಲಿ ನಿಜವಾಗಿ ಅಪಾಯಕಾರಿಯಾದ ಕಾಲಂ ಹರಿವಿನದಲ್ಲ, ಮಟ್ಟದ್ದು. ಅವರ ಸಲಹೆಯಂತೆ ‘ಉದ್ದ’ ಎಂಬ ಟೈಪ್ ಮಾಡಿ ಅದರೊಳಗೆ ಮಟ್ಟವನ್ನು ಇಟ್ಟರೆ, ಏಕಮಾನ ಪೂರ್ತಿ ಸರಿಯಿದ್ದೂ ಲೆಕ್ಕ ಪೂರ್ತಿ ತಪ್ಪಾಗುವ ಸಾಧ್ಯತೆ ಹಾಗೆಯೇ ಉಳಿಯುತ್ತದೆ.

ನೀವು ಕೊಟ್ಟ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಕೆಆರ್‌ಎಸ್ 124.80 ಅಡಿ, ಕಬಿನಿ 2,284 ಅಡಿ. ಎರಡೂ ಅಡಿಯೇ. ಒಂದರಿಂದ ಇನ್ನೊಂದನ್ನು ಕಳೆದರೆ 2,159.20 ಅಡಿ ಎಂಬ ಉತ್ತರ ಬರುತ್ತದೆ. ಎಫ್ ಶಾರ್ಪ್ ಒಪ್ಪುತ್ತದೆ, ನಿಮ್ಮ ನ್ಯೂಟೈಪ್ ಕೂಡ ಒಪ್ಪುತ್ತದೆ. ಆದರೆ ಕಬಿನಿಯ ಅಂಕಿ ಸಮುದ್ರ ಮಟ್ಟದಿಂದ ಎಣಿಸಿದ್ದು. ಕೆಆರ್‌ಎಸ್‌ನದು ಆ ಅಣೆಕಟ್ಟಿನ ಸ್ಥಳದಲ್ಲೇ ಗೊತ್ತುಪಡಿಸಿದ ಮೂಲಮಟ್ಟದಿಂದ ಎಣಿಸಿದ್ದು. ಹೀಗಾಗಿ ಆ 2,159.20 ಅಡಿ ಎಂಬುದು ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಅಂತರ. ಹಾಗೆಯೇ ಕಾವೇರಿ ಕೊಳ್ಳದ ಜಲಾಶಯಗಳ ‘ಸರಾಸರಿ ಮಟ್ಟ’ ಎಂದು ಯಾರಾದರೂ ಗ್ರಾಫ್ ಬರೆದರೆ ಆ ಗೆರೆಗೆ ಏನೂ ಅರ್ಥವಿರುವುದಿಲ್ಲ.

ಮಟ್ಟ ಎಂಬುದು ಉದ್ದವಲ್ಲ, ಸ್ಥಾನ. ಎರಡು ಮಟ್ಟಗಳ ನಡುವಿನ ಏರಿಳಿತ ಮಾತ್ರ ಉದ್ದ. ಈ ಎರಡಕ್ಕೂ ಬೇರೆಬೇರೆ ಟೈಪ್ ಇರಲೇಬೇಕು, ಮತ್ತು ಅವುಗಳ ನಡುವಿನ ನಿಯಮಗಳೂ ಬೇರೆ. ಮಟ್ಟದಿಂದ ಮಟ್ಟವನ್ನು ಕಳೆದರೆ ಏರಿಳಿತ ಸಿಗುತ್ತದೆ. ಮಟ್ಟಕ್ಕೆ ಏರಿಳಿತವನ್ನು ಕೂಡಿಸಿದರೆ ಹೊಸ ಮಟ್ಟ ಸಿಗುತ್ತದೆ. ಮಟ್ಟಕ್ಕೆ ಮಟ್ಟವನ್ನು ಕೂಡಿಸುವ ಕ್ರಿಯೆಯನ್ನು ನೀವು ಬರೆಯಲೇಬಾರದು. ಬರೆಯದಿದ್ದರೆ ಕಂಪೈಲರ್ ಅದನ್ನು ತಾನಾಗಿಯೇ ನಿರಾಕರಿಸುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ 2011ರ ಮಾನಕದೊಂದಿಗೆ ಬಂದ ‘ಕ್ರೋನೊ’ ಲೈಬ್ರರಿಯನ್ನು ಬಳಸಿದವರಿಗೆ ಇದು ಪರಿಚಿತ: ಅಲ್ಲಿ ಅವಧಿಗೊಂದು ಟೈಪ್, ಗಡಿಯಾರದ ಕ್ಷಣಕ್ಕೆ ಇನ್ನೊಂದು ಟೈಪ್. ಇಂದಿನ ಬೆಳಗಿನ ಆರು ಗಂಟೆಯನ್ನು ನಾಳಿನ ಬೆಳಗಿನ ಆರು ಗಂಟೆಗೆ ಕೂಡಿಸಲು ಆ ಲೈಬ್ರರಿ ಬಿಡುವುದಿಲ್ಲ. ಮೇಲಾಗಿ ಕ್ಷಣದ ಟೈಪ್‌ಗೆ ಅದು ಯಾವ ಗಡಿಯಾರದ್ದು ಎಂಬುದೂ ಅಂಟಿಕೊಂಡಿರುತ್ತದೆ. ನಿಮ್ಮ ಮಟ್ಟಕ್ಕೆ ಅದು ಯಾವ ಮೂಲಮಟ್ಟದ್ದು ಎಂಬುದು ಹಾಗೆಯೇ ಅಂಟಿಕೊಂಡಿರಬೇಕು.

ಉಷ್ಣಾಂಶದಲ್ಲೂ ಇದೇ ತೊಡಕಿದೆ. 30 ಡಿಗ್ರಿ ಸೆಲ್ಸಿಯಸ್ ಎಂಬುದು 15 ಡಿಗ್ರಿಯ ಎರಡರಷ್ಟಲ್ಲ, ಏಕೆಂದರೆ ಸೊನ್ನೆಯನ್ನು ನಾವು ಅನುಕೂಲಕ್ಕಾಗಿ ಎಲ್ಲೋ ಇಟ್ಟುಕೊಂಡಿದ್ದೇವೆ. ನಿಜವಾದ ಸೊನ್ನೆ ಅದಕ್ಕಿಂತ 273.15 ಡಿಗ್ರಿ ಕೆಳಗಿದೆ. ಪೈಥಾನ್‌ನ ‘ಪಿಂಟ್’ ಲೈಬ್ರರಿಯಲ್ಲಿ ಎರಡು ಸೆಲ್ಸಿಯಸ್ ಉಷ್ಣಾಂಶಗಳನ್ನು ಕೂಡಿಸಲು ಹೋದರೆ ಅದು ದೋಷವೆಂದು ಹೇಳಿ ನಿಲ್ಲುತ್ತದೆ. ವ್ಯತ್ಯಾಸವನ್ನು ತಿಳಿಸಲು ‘ಡೆಲ್ಟಾ’ ಎಂಬ ಪ್ರತ್ಯೇಕ ಏಕಮಾನವನ್ನು ಬಳಸಬೇಕು. ಮುಂದೆ ಆವಿಯಾಗುವಿಕೆಯ ಲೆಕ್ಕವನ್ನು ಸೇರಿಸುವ ಯೋಚನೆ ನಿಮಗಿದ್ದರೆ ಇದನ್ನು ನೆನಪಿಡಿ.

ರಸ್ಟ್‌ನಲ್ಲಿ ಮೂಲಮಟ್ಟವನ್ನು ಟೈಪ್ ಪ್ಯಾರಾಮೀಟರ್ ಆಗಿ ಕೊಡಬಹುದು: ‘ಮಟ್ಟ’ದ ಪಕ್ಕದಲ್ಲಿ ‘ಸಮುದ್ರಮಟ್ಟ’ ಅಥವಾ ‘ಕೆಆರ್‌ಎಸ್ ಮೂಲ’ ಎಂಬ ಖಾಲಿ ಸ್ಟ್ರಕ್ಟ್, ಮತ್ತು ಅದನ್ನು ಹಿಡಿದಿಡಲು, ಟೈಪ್‌ನ ಗುರುತನ್ನಷ್ಟೇ ಹೊರುವ ಒಂದು ಫ್ಯಾಂಟಮ್‌ಡೇಟಾ ಫೀಲ್ಡ್. ಆದರೆ ಜಲಾಶಯದ ಹೆಸರು ಫೈಲಿನಿಂದ ಓದಿದಾಗ ಮಾತ್ರ ತಿಳಿಯುವುದಾದ್ದರಿಂದ, ಕಂಪೈಲ್ ಸಮಯದಲ್ಲಿ ಅದು ಗೊತ್ತಿರುವುದಿಲ್ಲ. ನಿಮ್ಮ ಸಂದರ್ಭದಲ್ಲಿ ಮೂಲಮಟ್ಟವನ್ನು ಮೌಲ್ಯದ ಜೊತೆಗೇ ಒಂದು ಈನಮ್ (ಗೊತ್ತುಪಡಿಸಿದ ಆಯ್ಕೆಗಳಲ್ಲಿ ಒಂದನ್ನು ಹಿಡಿದಿಡುವ ಟೈಪ್) ಆಗಿ ಇಟ್ಟು, ಕಳೆಯುವ ಫಂಕ್ಷನ್ ಎರಡೂ ಒಂದೇ ಆಗಿದ್ದರೆ ಮಾತ್ರ ಏರಿಳಿತವನ್ನು ಕೊಟ್ಟು, ಇಲ್ಲದಿದ್ದರೆ ದೋಷವನ್ನು ಹಿಂದಿರುಗಿಸುವಂತೆ ಬರೆಯುವುದೇ ಸರಳ. ಎಲ್ಲವನ್ನೂ ಕಂಪೈಲರ್‌ನಿಂದಲೇ ಹಿಡಿಸಬೇಕೆಂಬ ಹಟ ಇಲ್ಲಿ ಬೇಡ.

ಇನ್ನೊಂದು ವಿಷಯ ಆಲಮಟ್ಟಿಯದು. ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರಲ್ಲಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಅವಕಾಶ ಕೊಟ್ಟಿತು. ಮೂರು ದಶಮಾಂಶಗಳನ್ನು ಕಂಡು, ಇದು ಮಿಲಿಮೀಟರ್ ನಿಖರತೆಯ ಅಳತೆ ಎಂದು ಯಾರಾದರೂ ಭಾವಿಸಬಹುದು. 524.256ನ್ನು 0.3048ರಿಂದ ಭಾಗಿಸಿ ನೋಡಿ. ನಿಖರವಾಗಿ 1,720 ಅಡಿ ಬರುತ್ತದೆ. ಅಡಿಯಲ್ಲಿ ದುಂಡಗೆ ಇರುವ ಸಂಖ್ಯೆ ಪರಿವರ್ತನೆಯಿಂದಾಗಿ ಮೂರು ದಶಮಾಂಶಗಳನ್ನು ಪಡೆದಿದೆ. ನೀವು ಎಲ್ಲವನ್ನೂ ಮೀಟರ್‌ಗೆ ಬದಲಾಯಿಸಿ ಮೂಲವನ್ನು ಬಿಸಾಡಿದರೆ, ಯಾವ ಅಂಕಿ ಅಳೆದದ್ದು, ಯಾವುದು ಪರಿವರ್ತನೆಯಿಂದ ಬಂದದ್ದು ಎಂಬುದು ನಂತರದವರಿಗೆ ತಿಳಿಯುವುದಿಲ್ಲ. ಆದ್ದರಿಂದ ಲೆಕ್ಕಕ್ಕೆ ಏನು ಬೇಕೋ ಅದನ್ನು ಬಳಸಿ, ಆದರೆ ಪ್ರಕಟವಾದ ಅಂಕಿಯನ್ನು ಪ್ರಕಟವಾದ ಏಕಮಾನದಲ್ಲೇ ಡೇಟಾಬೇಸ್‌ನಲ್ಲಿ ಉಳಿಸಿ.

---

ಸರ್ವೆ ನಂಬರ್ ಅವರ ಉತ್ತರ

ಇಬ್ಬರ ಮಾತುಗಳೂ ಉಪಯುಕ್ತ. ಆದರೆ ಇಬ್ಬರೂ ಪ್ರೋಗ್ರಾಂನ ಒಳಗೆ ನಿಂತು ಮಾತನಾಡುತ್ತಿದ್ದಾರೆ. ನಾನು ಭೂದಾಖಲೆಗಳ ಅಂಕಿಗಳನ್ನು ಓದುವ ತಂತ್ರಾಂಶದಲ್ಲಿ ಕೆಲಸ ಮಾಡುವವನು. ಏಕಮಾನ ಕಳೆದುಹೋಗುವುದು ಪ್ರೋಗ್ರಾಂನ ಒಳಗಲ್ಲ, ಒಳಗೆ ಬರುವ ಬಾಗಿಲಿನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಹಣಿಯಲ್ಲಿ ವಿಸ್ತೀರ್ಣ 2.20 ಎಂದಿದೆ ಎಂದುಕೊಳ್ಳಿ. ಹಳೆಯ ಮೈಸೂರು ಭಾಗದವರು ಇದನ್ನು ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಓದುತ್ತಾರೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ದಕ್ಷಿಣ ಕನ್ನಡದಲ್ಲಿ ಜಮೀನನ್ನು ಸೆಂಟ್ಸ್ ಲೆಕ್ಕದಲ್ಲಿ ಹೇಳುವುದು ರೂಢಿ. ಎಕರೆಗೆ 100 ಸೆಂಟ್ಸ್ ಆದ್ದರಿಂದ ಅಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಸೆಂಟ್ಸ್, ಅಂದರೆ ಎರಡು ಎಕರೆ ಎಂಟು ಗುಂಟೆ. ಅದೇ ಮೂರು ಅಂಕಿಗಳು, ಅದೇ ಚುಕ್ಕೆ, ನಡುವಿನ ವ್ಯತ್ಯಾಸ ಹನ್ನೆರಡು ಗುಂಟೆ. ಫ್ಲೋಟ್ ಕಾಲಂಗೆ ಹಾಕಿದ ಮರುಕ್ಷಣವೇ ಚುಕ್ಕೆ ದಶಮಾಂಶದ ಚುಕ್ಕೆಯಾಗಿಬಿಡುತ್ತದೆ. 1.25 ಮತ್ತು 2.30 ಕೂಡಿಸಿದರೆ ಡೇಟಾಬೇಸ್ 3.55 ಎನ್ನುತ್ತದೆ. ಗುಂಟೆಯ ಲೆಕ್ಕದಲ್ಲಿ 25ಕ್ಕೆ 30 ಕೂಡಿಸಿದರೆ 55. ಅದರಲ್ಲಿ 40 ಗುಂಟೆ ಒಂದು ಎಕರೆಯಾಗಿ ಮೇಲೆ ಹೋಗಬೇಕು. ಸರಿಯಾದ ಉತ್ತರ ನಾಲ್ಕು ಎಕರೆ ಹದಿನೈದು ಗುಂಟೆ. ಯಾವ ಏಕಮಾನ ಲೈಬ್ರರಿಯೂ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಅದರ ಕೈಗೆ ಬರುವ ಹೊತ್ತಿಗೆ ಅಂಕಿ ಆಗಲೇ ಕೆಟ್ಟಿರುತ್ತದೆ. ನಾವು ಅನುಸರಿಸುವ ಕ್ರಮವೆಂದರೆ ಎಲ್ಲವನ್ನೂ ಆಣೆಯಲ್ಲಿ, ಪೂರ್ಣಾಂಕವಾಗಿ ಇಡುವುದು. ಗುಂಟೆಗೆ 16 ಆಣೆ, ಎಕರೆಗೆ 640 ಆಣೆ. ಮೇಲಿನ ಮೊತ್ತ 2,800 ಆಣೆ. ಎಕರೆ–ಗುಂಟೆ ಎಂಬುದು ತೆರೆಯ ಮೇಲೆ ತೋರಿಸುವ ರೂಪ ಮಾತ್ರ, ಸಂಗ್ರಹಿಸುವ ರೂಪವಲ್ಲ.

ಈ ವಿಷಯ ಬಂದಾಗಲೆಲ್ಲ ಉದಾಹರಿಸುವ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕೂಡ ಬಾಗಿಲಿನ ತಪ್ಪೇ ಹೊರತು ಒಳಗಿನ ತಪ್ಪಲ್ಲ. ನೌಕೆಯ ಸಣ್ಣ ಥ್ರಸ್ಟರ್‌ಗಳು ಕೊಟ್ಟ ತಳ್ಳುವಿಕೆಯನ್ನು ಲೆಕ್ಕ ಹಾಕುವ ಭೂಮಿಯ ಮೇಲಿನ ಒಂದು ಪ್ರೋಗ್ರಾಂ ಅದನ್ನು ಪೌಂಡ್–ಸೆಕೆಂಡ್‌ನಲ್ಲಿ ಫೈಲಿಗೆ ಬರೆಯಿತು. ಪಥವನ್ನು ಲೆಕ್ಕ ಹಾಕುವ ಇನ್ನೊಂದು ಪ್ರೋಗ್ರಾಂ ಅದೇ ಫೈಲನ್ನು ನ್ಯೂಟನ್–ಸೆಕೆಂಡ್ ಎಂದು ಓದಿತು. ವ್ಯತ್ಯಾಸ ಸುಮಾರು 4.45 ಪಟ್ಟು. 1999ರ ಸೆಪ್ಟೆಂಬರ್ 23ರಂದು ಮಂಗಳದಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ ಸುಮಾರು 57 ಕಿಲೋಮೀಟರ್ ಎತ್ತರಕ್ಕೆ ಇಳಿದು ನಾಶವಾಯಿತು. ಎರಡೂ ಪ್ರೋಗ್ರಾಂಗಳನ್ನು ಎಫ್ ಶಾರ್ಪ್‌ನಂಥ ಭಾಷೆಯಲ್ಲೇ ಬರೆದಿದ್ದರೂ ಎರಡೂ ತಮ್ಮೊಳಗೆ ಸರಿಯಾಗಿಯೇ ಇರುತ್ತಿದ್ದವು. ಎಫ್ ಶಾರ್ಪ್‌ನ ಏಕಮಾನಗಳು ಕಂಪೈಲ್ ಆದ ಮೇಲೆ ಅಳಿದುಹೋಗುತ್ತವೆ. ಫೈಲಿಗೆ ಬರೆಯುವಾಗ ಹೊರಹೋಗುವುದು ಬರಿಯ ಸಂಖ್ಯೆ. ಫೈಲಿನಲ್ಲಿ ಸಂಖ್ಯೆಯ ಪಕ್ಕದಲ್ಲಿ ಏಕಮಾನವಿದ್ದು, ಓದುವ ಪ್ರೋಗ್ರಾಂ ಅದನ್ನು ಪರಿಶೀಲಿಸಿದ್ದರೆ ಮಾತ್ರ ತಪ್ಪು ಸಿಕ್ಕಿಬೀಳುತ್ತಿತ್ತು. (1996ರ ಏರಿಯಾನ್ 5 ರಾಕೆಟ್‌ನ ವೈಫಲ್ಯವನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದು ಏಕಮಾನದ ತಪ್ಪಲ್ಲ. 64 ಬಿಟ್ ಫ್ಲೋಟ್ ಒಂದನ್ನು 16 ಬಿಟ್ ಪೂರ್ಣಾಂಕದೊಳಗೆ ತುರುಕಲು ಹೋಗಿ ಆದದ್ದು.)

ಆದ್ದರಿಂದ ಜಲಲೆಕ್ಕಿಗ ಅವರೇ, ನಿಮ್ಮ ಶ್ರಮದ ಹೆಚ್ಚಿನ ಪಾಲನ್ನು ಪೈಥಾನ್ ಭಾಗದಲ್ಲೇ ಹಾಕಿ. ಡೇಟಾಬೇಸ್‌ನಲ್ಲಿ ಮೌಲ್ಯ, ಏಕಮಾನ, ಮೂಲಮಟ್ಟ ಎಂಬ ಮೂರು ಕಾಲಂಗಳಿರಲಿ. ಮೂರರಲ್ಲಿ ಯಾವುದೂ ಖಾಲಿ ಬಿಡಲು ಬಾರದಂತೆ ನಿರ್ಬಂಧವಿರಲಿ. ಏಕಮಾನವನ್ನು ಒಬ್ಬರು ‘ಅಡಿ’ ಎಂದೂ ಇನ್ನೊಬ್ಬರು ‘ಫೀಟ್’ ಎಂದೂ ಬರೆಯದಂತೆ ಒಂದೇ ಸಂಕೇತ ಪದ್ಧತಿ ಬೇಕು. ವೈದ್ಯಕೀಯ ದಾಖಲೆಗಳಲ್ಲಿ ಬಳಕೆಯಲ್ಲಿರುವ ‘ಯುಸಿಯುಎಂ’ ಸಂಕೇತಗಳನ್ನು ನೋಡಿ. ಟಿಎಂಸಿಗೆ ಅದರಲ್ಲಿ ಪ್ರತ್ಯೇಕ ಸಂಕೇತವಿಲ್ಲದಿದ್ದರೂ ಹತ್ತರ ಒಂಬತ್ತನೇ ಘಾತ ಗುಣಿಸು ಘನ ಅಡಿ ಎಂದು ಬರೆಯಲು ಅವಕಾಶವಿದೆ. ಪಿಂಟ್ ಬಳಸುವುದಾದರೆ ಅದರ ಏಕಮಾನಗಳ ರಿಜಿಸ್ಟ್ರಿಯನ್ನು ಇಡೀ ಪ್ರೋಗ್ರಾಂಗೆ ಒಂದೇ ಎಂಬಂತೆ ಒಂದು ಮಾಡ್ಯೂಲ್‌ನಲ್ಲಿಡಿ. ಎರಡು ರಿಜಿಸ್ಟ್ರಿಗಳ ಮೌಲ್ಯಗಳನ್ನು ಅದು ಬೆರೆಸಲು ಬಿಡುವುದಿಲ್ಲ.

---

ಜಲಲೆಕ್ಕಿಗ ಅವರ ಮರುಪ್ರಶ್ನೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಟ್ಟಕ್ಕೆ ಮತ್ತು ಏರಿಳಿತಕ್ಕೆ ಎರಡು ಟೈಪ್ ಮಾಡುವುದೆಂದೂ, ಹರಿವು, ಕಾಲ, ಗಾತ್ರಗಳಿಗೆ ನ್ಯೂಟೈಪ್ ಬರೆಯುವುದೆಂದೂ, ಡೇಟಾಬೇಸ್‌ನಲ್ಲಿ ಮೂರು ಕಾಲಂ ಇಡುವುದೆಂದೂ ನಿರ್ಧರಿಸಿದ್ದೇನೆ.

ಇನ್ನೆರಡು ತೊಡಕುಗಳು ಉಳಿದಿವೆ. ಮಟ್ಟದಿಂದ ಸಂಗ್ರಹವನ್ನು ಪಡೆಯುವ ಪರಿವರ್ತನೆಯನ್ನು ‘ಮಟ್ಟ’ ಟೈಪ್‌ನ ಮೇಲೆಯೇ ಒಂದು ಮೆಥಡ್ ಆಗಿ ಬರೆಯಬಹುದೇ? ಹಾಗೆಯೇ ಆದೇಶಗಳಲ್ಲಿ, ಸುದ್ದಿಗಳಲ್ಲಿ ಬರುವ ‘ನಿತ್ಯ 5,000 ಕ್ಯೂಸೆಕ್’, ‘ವರ್ಷಕ್ಕೆ 177.25 ಟಿಎಂಸಿ’ ಎಂಬ ಮಾತುಗಳನ್ನು ಯಾವ ಟೈಪ್‌ನಲ್ಲಿ ಇಡಬೇಕು? ಮೊದಲನೆಯದು ಹರಿವನ್ನು ಮತ್ತೆ ದಿನದಿಂದ ಭಾಗಿಸಿದಂತೆ ಕಾಣುತ್ತದೆ. ಎರಡನೆಯದು ಗಾತ್ರವೋ ಹರಿವೋ ತಿಳಿಯುತ್ತಿಲ್ಲ.

---

ಮಟ್ಟಗೋಲು ಅವರ ಉತ್ತರ

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ‘ನಿತ್ಯ’ ಎಂಬುದು ಅಲ್ಲಿ ಛೇದವಲ್ಲ. ಕ್ಯೂಸೆಕ್‌ನೊಳಗೆ ‘ಸೆಕೆಂಡಿಗೆ’ ಎಂಬುದು ಆಗಲೇ ಸೇರಿದೆ. ‘ನಿತ್ಯ’ ಎಂಬುದು ಆ ಹರಿವು ಎಷ್ಟು ಕಾಲ ನಡೆಯಬೇಕು ಎಂಬುದನ್ನಷ್ಟೇ ಹೇಳುತ್ತದೆ. 2023ರ ಆಗಸ್ಟ್ ಅಂತ್ಯದಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 15 ದಿನಗಳ ಕಾಲ 5,000 ಕ್ಯೂಸೆಕ್ ಬಿಡಲು ಹೇಳಿತು. 5,000ವನ್ನು 86,400ರಿಂದಲೂ ಮತ್ತೆ 15ರಿಂದಲೂ ಗುಣಿಸಿದರೆ 648 ಕೋಟಿ ಘನ ಅಡಿ, ಅಂದರೆ 6.48 ಟಿಎಂಸಿ. ಇದನ್ನು ಒಂದು ಸಂಖ್ಯೆಯಾಗಿ ಇಡಬೇಡಿ. ಹರಿವು, ಆರಂಭದ ದಿನ, ಕೊನೆಯ ದಿನ ಎಂಬ ಮೂರು ಫೀಲ್ಡ್‌ಗಳಿರುವ ‘ಬಿಡುಗಡೆ ಆದೇಶ’ ಎಂಬ ಸ್ಟ್ರಕ್ಟ್ ಮಾಡಿ, ಗಾತ್ರವನ್ನು ಬೇಕಾದಾಗ ಲೆಕ್ಕ ಹಾಕಿಕೊಳ್ಳಿ.

177.25 ಟಿಎಂಸಿಯ ವಿಷಯ ಇದರ ತಿರುವುಮುರುವು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ, ತಮಿಳುನಾಡಿನ ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರನ್ನು ಹೀಗೆ ನಿಗದಿಪಡಿಸಿತು, ಮತ್ತು ಅದು ಜೂನ್‌ನಿಂದ ಆರಂಭವಾಗುವ ಜಲವರ್ಷಕ್ಕೆ ಅನ್ವಯಿಸುತ್ತದೆ. ಆಯಾಮದ ದೃಷ್ಟಿಯಿಂದ ಅದನ್ನು ಹರಿವು ಎಂದು ಬರೆಯಲು ಅಡ್ಡಿಯಿಲ್ಲ. ವರ್ಷದ ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 5,620 ಕ್ಯೂಸೆಕ್ ಬರುತ್ತದೆ. ಆದರೆ ಹಾಗೆ ಬರೆದರೆ, ವರ್ಷವಿಡೀ ಒಂದೇ ಸಮನೆ ಅಷ್ಟು ನೀರು ಹರಿಯಬೇಕೆಂಬ ಅರ್ಥ ಬಂದುಬಿಡುತ್ತದೆ. ನಿಜವಾದ ಹಂಚಿಕೆ ಹಾಗಿಲ್ಲ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆಯಾಮ ಹೊಂದಿದ ಮಾತ್ರಕ್ಕೆ ಎರಡು ವಿಷಯಗಳು ಒಂದೇ ಆಗುವುದಿಲ್ಲ. ಭೌತಶಾಸ್ತ್ರದಲ್ಲಿ ನ್ಯೂಟನ್–ಮೀಟರ್ ಎಂಬುದು ತಿರುಚುಬಲಕ್ಕೂ ಸಲ್ಲುತ್ತದೆ, ಶಕ್ತಿಗೂ ಸಲ್ಲುತ್ತದೆ, ಆದರೆ ಎರಡನ್ನೂ ಕೂಡಿಸುವವರಿಲ್ಲ. ಆದ್ದರಿಂದ ಇದಕ್ಕೆ ‘ಹಂಚಿಕೆ’ ಎಂಬ ಪ್ರತ್ಯೇಕ ಟೈಪ್ ಇರಲಿ: ಒಂದು ಗಾತ್ರ, ಒಂದು ಅವಧಿ.

ಇನ್ನು ಮಟ್ಟದಿಂದ ಸಂಗ್ರಹ. ಅದನ್ನು ‘ಮಟ್ಟ’ ಟೈಪ್‌ನ ಮೆಥಡ್ ಮಾಡಬೇಡಿ. ಅಡಿಯಿಂದ ಮೀಟರ್‌ಗೆ ಹೋಗುವ ಗುಣಕ ಎಲ್ಲ ಕಡೆಯೂ ಒಂದೇ. ಅದು ಏಕಮಾನಕ್ಕೆ ಸೇರಿದ್ದು. ಅಡಿಯಿಂದ ಟಿಎಂಸಿಗೆ ಹೋಗುವ ದಾರಿ ಮಾತ್ರ ಆಯಾ ಜಲಾಶಯದ ತಳದ ಆಕಾರಕ್ಕೆ ಸೇರಿದ್ದು. ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ತಳದ ಒಂದು ಅಡಿಯಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಹೆಚ್ಚು. ರಕ್ತದ ಸಕ್ಕರೆಯನ್ನು ನಮ್ಮಲ್ಲಿ ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದೂ ಬ್ರಿಟನ್‌ನಲ್ಲಿ ಲೀಟರ್‌ಗೆ ಇಷ್ಟು ಮಿಲಿಮೋಲ್ ಎಂದೂ ಹೇಳುತ್ತಾರೆ. ನಮ್ಮ 180 ಅವರಿಗೆ ಸುಮಾರು 10. ಆ 18 ಎಂಬ ಗುಣಕ ಗ್ಲೂಕೋಸ್‌ಗೆ ಮಾತ್ರ ಸಲ್ಲುತ್ತದೆ, ಕೊಲೆಸ್ಟರಾಲ್‌ಗೆ ಸಲ್ಲುವುದಿಲ್ಲ, ಏಕೆಂದರೆ ಅದು ಅಣುವಿನ ಗುಣ. ಇಂಥ ಪರಿವರ್ತನೆಗಳನ್ನು ಏಕಮಾನ ಲೈಬ್ರರಿಯ ಕೈಗೆ ಕೊಡಬಾರದು.

ಮೇಲಾಗಿ ಜಲಾಶಯದ ತಳ ಸ್ಥಿರವಾಗಿಯೂ ಇರುವುದಿಲ್ಲ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಆರಂಭದಲ್ಲಿ ಸುಮಾರು 133 ಟಿಎಂಸಿ ಇತ್ತು. ಹೂಳು ತುಂಬಿದ ಕಾರಣ ಈಚಿನ ವರ್ಷಗಳಲ್ಲಿ ಅದನ್ನು 105.788 ಟಿಎಂಸಿ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಗರಿಷ್ಠ ಮಟ್ಟ ಅದೇ 1,633 ಅಡಿ. ಅಂದರೆ ನಿಮ್ಮ ಫಂಕ್ಷನ್‌ಗೆ ಮಟ್ಟ ಒಂದನ್ನೇ ಕೊಟ್ಟರೆ ಸಾಲದು. ಯಾವ ಜಲಾಶಯ, ಯಾವ ಸಮೀಕ್ಷೆಯ ಕೋಷ್ಟಕ ಎಂಬುದನ್ನೂ ಕೊಡಬೇಕು. ‘ಸಾಮರ್ಥ್ಯ ಕೋಷ್ಟಕ’ ಎಂಬ ಟೈಪ್ ಮಾಡಿ, ಜಲಾಶಯದ ಗುರುತು, ಮೂಲಮಟ್ಟ, ಯಾವ ದಿನಾಂಕದಿಂದ ಜಾರಿಯಲ್ಲಿದೆ ಎಂಬುದನ್ನು ಅದರೊಳಗೆ ಇಡಿ. ಮೂಲಮಟ್ಟ ಹೊಂದದ ಮಟ್ಟವನ್ನು ಅದು ತಿರಸ್ಕರಿಸಲಿ. ಹಳೆಯ ಮುಂಗಾರನ್ನು ಹೊಸ ಮುಂಗಾರಿನೊಂದಿಗೆ ಹೋಲಿಸುವುದೇ ನಿಮ್ಮ ತಂತ್ರಾಂಶದ ಉದ್ದೇಶವಾದ್ದರಿಂದ, ಹಳೆಯ ದಿನಾಂಕದ ಮಟ್ಟಕ್ಕೆ ಆ ಕಾಲದ ಕೋಷ್ಟಕವನ್ನೇ ಹುಡುಕಿ ಅನ್ವಯಿಸುವ ಫಂಕ್ಷನ್‌ನಿಂದ ಬರೆಯಲು ಆರಂಭಿಸಿ.